ಮಗಳಿಗೊಂದು ಪತ್ರ: ನಿನ್ನ ಜಾಕೆಟ್ ಇಲ್ಲೇ ಇದೆ

ಪುಟ್ಟಿ,

ನೀನು ಲೀಡ್ಸ್‌ಗೆ ಹೋಗಿ ಹನ್ನೊಂದು ದಿನ ಆಯಿತು. ವಾಟ್ಸಾಪ್‌ನಲ್ಲಿ ನೀಲಿ ಗುರುತು ಬೀಳುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಕಾಗದ. ಓದದೆ ಎಸೆಯಬೇಡ.

ನ್ಯೂ ಫಾರೆಸ್ಟ್ ಕಾಡಿನ ನಮ್ಮ ಹಳ್ಳಿ ಮಿನ್‌ಸ್ಟೆಡ್ ಹಾಗೇ ಇದೆ. ಓಕ್ ಕಾಯಿ ಉದುರುತ್ತಿವೆ, ಹಂದಿಗಳನ್ನು ಕಾಡಿಗೆ ಬಿಟ್ಟಿದ್ದಾರೆ. ನಿನ್ನೆ ಒಂದು ದಪ್ಪ ಹಂದಿ, ಮೂಗಿಗೆ ರಿಂಗು ಹಾಕಿಸಿಕೊಂಡಿದ್ದು, ನಮ್ಮ ಗೇಟಿನ ಮುಂದೆಯೇ ಕಟಕಟ ಅಂತ ಕಾಯಿ ಅಗಿಯುತ್ತಾ ನಿಂತಿತ್ತು. ಹಸಿ ಕಾಯಿ ಜಾಸ್ತಿ ತಿಂದರೆ ಕುದುರೆ, ದನಗಳಿಗೆ ವಿಷ, ಅದಕ್ಕೇ ಹಂದಿ ಬಿಡೋದು ಅಂತ ನನಗೆ ಹೇಳಿಕೊಟ್ಟವಳೇ ನೀನು, ಮೂರನೇ ಕ್ಲಾಸಿನಲ್ಲಿದ್ದಾಗ.

ಆ ರಾತ್ರಿಯ ಮಾತು ಬೇಡ ಅಂದುಕೊಂಡೇ ಬರೆಯೋಕೆ ಕೂತೆ. ಆದರೆ ಕಣ್ಣು ಮುಚ್ಚಿದರೆ ಅದೇ. ನಾನು ಟ್ಯಾಕ್ಸಿಯಿಂದ ಇಳಿದಾಗ ನೀನು ರಸ್ತೆ ಬದಿಯ ಹುಲ್ಲಿನ ಮೇಲೆ ಕೂತಿದ್ದೆ. ನಿನ್ನ ಜಾಕೆಟ್ ಕುದುರೆಯ ಕುತ್ತಿಗೆ ಮೇಲಿತ್ತು. ಅದರ ಹೊಟ್ಟೆ ಇನ್ನೂ ಏರಿ ಇಳಿಯುತ್ತಿತ್ತು. ಹೆಡ್‌ಲೈಟಿನ ಬೆಳಕು ಮುಗಿಯುವಲ್ಲಿ ಮರಿ ನಿಂತಿತ್ತು. ಯಾವ ತಾಯಿಯಾದರೂ ಮೊದಲು ಮಗಳ ಮೈ ಸವರಿ ನೋಡುತ್ತಾಳೆ. ನಾನು ಬಂಪರ್ ಸವರಿ ನೋಡಿದೆ. "ಇನ್ಶೂರೆನ್ಸ್ ಕಥೆ ಏನೀಗ?" ಅಂದೆ. ಇಪ್ಪತ್ತು ವರ್ಷ ನರ್ಸ್ ಆಗಿದ್ದವಳು! ನಿನ್ನ ಹಣೆಯ ಗಾಯ ನನಗೆ ಕಂಡಿದ್ದು ಅಜಿಸ್ಟರ್, ಕಾಡಿಗೆ ಬಿಟ್ಟ ಕುದುರೆ ದನ ನೋಡಿಕೊಳ್ಳುವವರು, ಬಂದು ಟಾರ್ಚ್ ಬಿಟ್ಟಾಗ. ಅವರು ಬಾಲದ ಕೂದಲು ಕತ್ತರಿಸಿದ ರೀತಿ ನೋಡಿದರು, ಮೈಮೇಲಿನ ಬರೆ ನೋಡಿದರು, ಯಾರ ಮನೆಯ ಕುದುರೆ ಅಂತ ಹೇಳಿಬಿಟ್ಟರು. ಆಮೇಲೆ ಆ ಕಡೆ ತಿರುಗಿ ನಿಲ್ಲಿ ಅಂದರು. ನಾನು ತಿರುಗಿದೆ. ನೀನು ತಿರುಗಲಿಲ್ಲ.

ರೂಫಸ್ ಕಲ್ಲಿನ ಹತ್ತಿರ ಎಷ್ಟು ಸಲ ಬುತ್ತಿ ಕಟ್ಟಿಕೊಂಡು ಹೋಗಿದ್ದೇವೆ, ಅಲ್ವಾ. ಅಲ್ಲೇ ಅಂತೆ, 1100ರ ಆಗಸ್ಟ್ 2ರಂದು ಇಂಗ್ಲೆಂಡಿನ ರಾಜ ರೂಫಸ್ ಬೇಟೆಯಲ್ಲಿ ಬಾಣ ತಾಗಿ ಸತ್ತಿದ್ದು. ಬಾಣ ಬಿಟ್ಟವನು ಅಂತ ಜನ ಹೇಳುವ ಟೈರೆಲ್ ಫ್ರಾನ್ಸಿಗೆ ಓಡಿದ. ರಾಜನ ತಮ್ಮ ಹೆನ್ರಿ ಖಜಾನೆ ಹಿಡಿಯೋಕೆ ವಿಂಚೆಸ್ಟರ್‌ಗೆ ಓಡಿದ. ಹೆಣವನ್ನು ಗಾಡಿಗೆ ಹಾಕಿಕೊಂಡು ಹೋದವನು ಇದ್ದಿಲು ಸುಡುವ ಪರ್ಕಿಸ್ ಅಂತ ಊರವರ ಮಾತು. ಆ ರಾತ್ರಿ ನೀನು ಪರ್ಕಿಸ್ ಆದೆ ಕಣೇ. ನಾನು ಹೆನ್ರಿ.

ಇನ್ನೊಂದಿದೆ. ಆಶರ್ಸ್ಟ್ ಸ್ಟೇಷನ್‌ನಲ್ಲಿ ಚಳಿ ಅಂತ ಮೂರು ಸಲ ಫೋನ್ ಮಾಡಿ ಬೇಗ ಬಾ, ಬೇಗ ಬಾ ಅಂದವಳು ನಾನೇ. ಅದನ್ನು ನಿನ್ನ ಅಪ್ಪನಿಗೆ ಇವತ್ತಿನವರೆಗೂ ಹೇಳಿಲ್ಲ. ನೀನೂ ಹೇಳಲಿಲ್ಲ.

ಹಾಗಂತ ನಿನ್ನದೇನೂ ತಪ್ಪಿಲ್ಲ ಅಂತಲ್ಲ. 40 ಮೈಲಿ ಅಂತ ಬೋರ್ಡ್ ಇದ್ದರೆ 40ರಲ್ಲೇ ಹೋಗಬೇಕು ಅಂತೇನೂ ಇಲ್ಲ, ಇನ್ನೂ ನಿಧಾನಕ್ಕೆ ಹೋಗಬಹುದು. ಕತ್ತಲಲ್ಲಿ ಕಂದು ಕುದುರೆ ಹತ್ತಿರ ಬರುವ ತನಕ ಕಾಣುವುದೇ ಇಲ್ಲ. ಒಂದು ದಾಟಿದರೆ ಹಿಂದೆ ಇನ್ನೊಂದು ಇದ್ದೇ ಇರುತ್ತದೆ. ಕಾರಲ್ಲಿ ಫೋನ್ ಎತ್ತಲೇಬೇಡ, ಅಮ್ಮ ಮಾಡಿದರೂ ಎತ್ತಬೇಡ. ರಾತ್ರಿ ಹೊಟ್ಟೆ ತುಂಬ ಊಟ ಮಾಡು. ಲೀಡ್ಸ್‌ನಲ್ಲಿ ನಿನಗೆ ಕಾರೂ ಇಲ್ಲ, ರಸ್ತೆಗೆ ಕುದುರೆಯೂ ಬರುವುದಿಲ್ಲ, ಗೊತ್ತು. ಆದರೂ ಹೇಳಿದೆ.

ಭಾನುವಾರ ಆ ಕುದುರೆ ಸಾಕಿದ್ದ ಅಜ್ಜಿಯ ಮನೆಗೆ ಹೋಗಿದ್ದೆ. ಏನು ಒಯ್ಯಬೇಕು ತಿಳಿಯದೆ ರವೆ ಉಂಡೆ ಕಟ್ಟಿಕೊಂಡು ಹೋದೆ. "ನಿಮ್ಮ ಮಗಳು ಎರಡು ಸಲ ಬಂದು ಹೋದಳಲ್ಲ" ಅಂದರು. ನನಗೆ ಗೊತ್ತೇ ಇರಲಿಲ್ಲ. ಮರಿಯನ್ನು ಕೊಟ್ಟಿಗೆಗೆ ತಂದುಕೊಂಡಿದ್ದಾರೆ. ಹುಲ್ಲು ತಿನ್ನುತ್ತಿದೆ. ನನ್ನನ್ನು ಒಂದು ಸಲ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

ಜಾಕೆಟ್ ಎರಡು ಸಲ ತಣ್ಣೀರಲ್ಲಿ ನೆನೆಸಿ ಒಗೆದೆ. ಎಡತೋಳಿನ ಕಲೆ ಪೂರ್ತಿ ಹೋಗಿಲ್ಲ. ಪಾರ್ಸೆಲ್ ಮಾಡಲಾ, ಇಲ್ಲೇ ಇಟ್ಟಿರಲಾ? ಅಷ್ಟಕ್ಕಾದರೂ ಉತ್ತರ ಹಾಕು.

ಅಮ್ಮ