ಹೆಬ್ಬೆರಳು ಕಳಿಸಿದವನಿಗೆ

ಚಿತ್ರದುರ್ಗ
ಅಕ್ಟೋಬರ್ 20, 2024

ಲೋ ಗೆಳೆಯ,

ಇದನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಕಳಿಸಿದರೆ ನೀನು "ರಾತ್ರಿ ಓದ್ತೀನಿ" ಅಂತೀಯ, ನಿನ್ನ ರಾತ್ರಿ ನನಗೆ ಬೆಳಗ್ಗೆ, ಹಾಗೇ ಮೂರು ತಿಂಗಳು ಹೋಗುತ್ತದೆ. ಎಲ್ಲರೆದುರು ಹಾಕಿದರೆ ಮರ್ಯಾದೆಗಾದರೂ ಓದುತ್ತೀಯ. ಮಿಕ್ಕವರೂ ಓದಿಕೊಳ್ಳಲಿ. ಮೂರನೇ ಇಡ್ಲಿಯ ವಿಷಯ ಮಾತ್ರ ಬರೆಯಲ್ಲ, ಹೆದರಬೇಡ.

ಜೋಗಿಮಟ್ಟಿ ಮೇಲೆ ಈಗ ಗಾಳಿ ಇಲ್ಲ. ಮಳೆಗಾಲದಲ್ಲಿ ಹುಚ್ಚು ಹಿಡಿದ ಹಾಗೆ ತಿರುಗಿದ ಗಾಳಿಯಂತ್ರದ ಫ್ಯಾನುಗಳೆಲ್ಲ ಸುಮ್ನೆ ನಿಂತಿವೆ. ಈ ತಿಂಗಳು ನನಗೆ ಗ್ರೀಸ್ ಹಚ್ಚುವುದು, ಬೋಲ್ಟ್ ಬಿಗಿ ನೋಡುವುದು, ಏಣಿ ಹತ್ತಿ ಇಳಿಯುವುದು ಇಷ್ಟೇ ಕೆಲಸ. ಅದಕ್ಕೇ ನಿಮ್ಮ ಫ್ಲೋರಿಡಾದ ಮಿಲ್ಟನ್ ಚಂಡಮಾರುತದ ಹಿಂದೆ ಬೀಳಲು ಬೇಕಾದಷ್ಟು ಪುರುಸೊತ್ತಿತ್ತು. 7ನೇ ತಾರೀಖು ಅದು ಮೆಕ್ಸಿಕೋ ಕೊಲ್ಲಿಯಲ್ಲಿ ಗಂಟೆಗೆ 290 ಕಿಲೋಮೀಟರ್ ಮುಟ್ಟಿದಾಗ ನಾನು ಸೈಟ್ ಆಫೀಸಿನಲ್ಲಿ ಹುಡುಗರಿಗೆ ಪಾಠ ಮಾಡುತ್ತಿದ್ದೆ. ನಮ್ಮ ಫ್ಯಾನು ಸೆಕೆಂಡಿಗೆ 25 ಮೀಟರ್, ಅಂದರೆ ಗಂಟೆಗೆ 90 ಕಿಲೋಮೀಟರ್ ಆಯಿತೆಂದರೆ ತಾನೇ ರೆಕ್ಕೆ ತಿರುವಿಕೊಂಡು ಕೈ ಎತ್ತಿಬಿಡುತ್ತದೆ, ಇದು ಅದರ ಮೂರು ಪಟ್ಟಿಗೂ ಜಾಸ್ತಿ ಅಂತ. ಹುಡುಗರು ಬಾಯಿ ಬಿಟ್ಟರು. ನನಗೆ ಎಷ್ಟು ಹೆಮ್ಮೆ ಅಂದರೆ ಆ ಗಾಳಿ ನನ್ನದೇ ಸ್ವಂತದ್ದೇನೋ ಅನ್ನೋ ಹಾಗೆ.

ಈಗ ವಿಷಯಕ್ಕೆ ಬರುತ್ತೇನೆ. 9ನೇ ತಾರೀಖು ನಮ್ಮ ರಾತ್ರಿ ನೀನು ಮೆಸೇಜ್ ಹಾಕಿದ್ದೆ. "ಬಾತ್‌ಟಬ್ ತುಂಬಿಸಿ ಇಟ್ಕೊಂಡಿದೀವಿ. ಪಾಪು ಬೆಳಗ್ಗೆಯಿಂದ ಹಟ. ಸಂಜೆ ಹೊತ್ತಿಗೆ ಕರೆಂಟ್ ಹೋಗಬಹುದು." ಅದಕ್ಕೆ ನಾನು ಏನು ಬರೆದೆ? ಆವತ್ತಿನಿಂದ ಹತ್ತು ಸಲ ತೆಗೆದು ನೋಡಿದ್ದೇನೆ. "ಕ್ಲಿಪ್ಪರ್ ಹ್ಯಾಂಗರ್ ಒಳಗಿದೆ ತಾನೇ?"

ನೀನು ಒಂದು ಹೆಬ್ಬೆರಳು ಕಳಿಸಿದೆ. ಆಮೇಲೆ ನಾನು ಕಳಿಸಿದ್ದಕ್ಕೆಲ್ಲ ಒಂದೇ ಟಿಕ್.

ನನ್ನ ಕಡೆಯಿಂದ ಸ್ವಲ್ಪ ವಾದ ಇದೆ, ಕೇಳು. ನಾಸಾದ ಯೂರೋಪಾ ಕ್ಲಿಪ್ಪರ್ 10ನೇ ತಾರೀಖು ನಿಮ್ಮ ಊರ ಹತ್ತಿರದಿಂದಲೇ ಹೊರಡಬೇಕಿತ್ತು. ಗುರುಗ್ರಹದ ಒಂದು ಚಂದ್ರ, ಮೇಲೆಲ್ಲ ಹಿಮ, ಕೆಳಗೆ ಸಮುದ್ರ ಇದೆಯಂತೆ, ಅಲ್ಲಿ ಜೀವ ಬದುಕುವಂಥ ಸ್ಥಿತಿ ಇದೆಯಾ ಅಂತ ನೋಡಲು ಹೊರಟ ನೌಕೆ. ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿಕೊಂಡು ಬೋರ್‌ವೆಲ್ ಪಾಯಿಂಟ್ ಹುಡುಕುವ ಊರಲ್ಲಿ ಹುಟ್ಟಿದವನಿಗೆ ಅದರ ಮೇಲೆ ಪ್ರೀತಿ ಬರದೆ ಇನ್ನೇನು? ನಮ್ಮ ಮಾರಿಕಣಿವೆ ಡ್ಯಾಂ 1933ರಲ್ಲಿ ಕೋಡಿ ಬಿದ್ದದ್ದು, ಆಮೇಲೆ ಬಿದ್ದದ್ದು 2022ರಲ್ಲಿ. ನೀರು ಜಾಸ್ತಿಯಾದರೆ ಭಯಪಡಬೇಕು ಅನ್ನುವುದು ನಮ್ಮ ರಕ್ತದಲ್ಲೇ ಇಲ್ಲ ಕಣೋ. ನಾವು ಬಾಗಿನ ಬಿಡುವವರು.

ವಾದ ಮುಗಿಯಿತು. ಅದು ನಿಲ್ಲಲ್ಲ ಅಂತ ನನಗೂ ಗೊತ್ತು.

ಮರುದಿನ ಬೆಳಗ್ಗೆ ಎಂಟು ಗಂಟೆಗೆ ನಿಮ್ಮಮ್ಮ ಬಂದರು. ಅಷ್ಟು ಹೊತ್ತಿಗೆ ಮಿಲ್ಟನ್ ಸರಸೋಟಾ ಹತ್ತಿರ ದಡ ಹತ್ತಿ ಎರಡು ಗಂಟೆಯಾಗಿತ್ತು, ಅಡ್ಡಡ್ಡ ಸೀಳಿಕೊಂಡು ರಾಕೆಟ್ ಹಾರಿಸುವ ನಿಮ್ಮ ಕೇಪ್ ಕೆನವೆರಲ್ ಕಡೆಗೇ ಬರುತ್ತಿತ್ತು. ನಮ್ಮ ಟಿವಿಯಲ್ಲಿ ಯಾವ ಚಾನೆಲ್ ಹಾಕಿದರೂ ರತನ್ ಟಾಟಾ. ಹಿಂದಿನ ರಾತ್ರಿ ತೀರಿಕೊಂಡಿದ್ದರಲ್ಲ. ಅಮ್ಮ ರಿಮೋಟ್ ಹಿಡಿದು ಒಂದೊಂದೇ ಚಾನೆಲ್ ದಾಟಿದರು, ಮತ್ತೆ ಮೊದಲಿಂದ ದಾಟಿದರು. ಫ್ಲೋರಿಡಾ ಎಲ್ಲೂ ಇರಲಿಲ್ಲ. ಆಗ ನನ್ನ ಕಡೆ ತಿರುಗಿ, "ಗಾಳಿ ನಿಂತಿತೇನಪ್ಪಾ?" ಅಂದರು.

ನಾನು ಫೋನಿನಲ್ಲಿ ನಕ್ಷೆ ತೆಗೆದು ತೋರಿಸಿದೆ. ರಾಕೆಟ್ಟಿಗೇನೂ ಆಗಲ್ಲ, ಗಟ್ಟಿ ಹ್ಯಾಂಗರಿನಲ್ಲಿದೆ ಅಂದೆ. ಬಾಹ್ಯಾಕಾಶ ಕೇಂದ್ರದಲ್ಲಿ ಗಾಳಿ ದಾಟುವವರೆಗೂ ಕಾಯಲು ಒಂದು ತಂಡವನ್ನೇ ಉಳಿಸಿಕೊಳ್ಳುತ್ತಾರೆ ಅಂದೆ. ಎಲ್ಲ ಕೇಳಿ ಅವರು, "ಆ ರಾಕೆಟ್ಟು ನನಗೇನಾಗಬೇಕಪ್ಪಾ?" ಅಂದರು. ಸಿಟ್ಟಿನಿಂದಲ್ಲ. ನಿಜವಾಗಿ ಕೇಳುವವರ ಹಾಗೆ.

ಆಮೇಲೆ, "ಅವನ ಮನೆ ಎಷ್ಟನೇ ಮಹಡಿ?"

ನನಗೆ ಗೊತ್ತಿರಲಿಲ್ಲ.

ನಿನ್ನ ಬಾಲ್ಕನಿಯಿಂದ ನದಿಯಾಚೆ ಕಾಣುತ್ತದಲ್ಲ, ರಾಕೆಟ್ ಜೋಡಿಸುವ ಆ ದೊಡ್ಡ ಕಟ್ಟಡ, ಅದರ ಎತ್ತರ 160 ಮೀಟರ್ ಅಂತ ಗೊತ್ತು. 2004ರಲ್ಲಿ ಫ್ರಾನ್ಸಿಸ್ ಚಂಡಮಾರುತ ಬಂದಾಗ ಅದರ ಗೋಡೆಯಿಂದ 800ಕ್ಕೂ ಹೆಚ್ಚು ತಗಡು ಕಿತ್ತು ಹಾರಿದ್ದು ಗೊತ್ತು. ನೀನು ನಿಂತು ಫೋಟೋ ಹೊಡೆಯುವ ಆ ಬಾಲ್ಕನಿ ಎಷ್ಟನೇ ಮಹಡಿಯಲ್ಲಿದೆ ಅಂತ ಎಂಟು ವರ್ಷದಲ್ಲಿ ಒಂದು ಸಲವೂ ಕೇಳಿಲ್ಲ.

2022ರ ನವೆಂಬರ್ ನೆನಪಿದೆಯಾ? ನಿಕೋಲ್ ಚಂಡಮಾರುತ ಬಂದಾಗ ಚಂದ್ರನ ಕಡೆ ಹೊರಟಿದ್ದ ಆರ್ಟೆಮಿಸ್ ರಾಕೆಟ್ಟನ್ನು ಒಳಗೆ ಒಯ್ಯದೆ ಪ್ಯಾಡ್ ಮೇಲೇ ಬಿಟ್ಟಿದ್ದರು. ನಾವಿಬ್ಬರೂ ಒಂದು ಗಂಟೆ ಜಗಳ ಆಡಿದ್ದೆವು. 60 ಅಡಿ ಎತ್ತರದಲ್ಲಿ ಅದು ತಡೆಯಬೇಕಾದದ್ದು ಗಂಟೆಗೆ ಸುಮಾರು 137 ಕಿಲೋಮೀಟರ್, ಬಂದದ್ದು 132. ನೀನು "ಐದೇ ಕಿಲೋಮೀಟರ್ ಉಳಿದಿತ್ತಲ್ಲೋ" ಅಂದೆ, ನಾನು "ಮೇಲಕ್ಕೆ ಹೋದಂತೆ ಗಾಳಿ ಜೋರಾಗುತ್ತೆ, ತುದಿಯಲ್ಲಿ 160 ಹೊಡೆದಿದೆ, ಆದರೂ ನಿಂತಿದೆ ನೋಡು" ಅಂತ ಕುಣಿದೆ. 16ನೇ ತಾರೀಖು ಅದು ಹಾರಿಯೂ ಹಾರಿತು. ಅದೇ ನಿಕೋಲಿಗೆ ನಿಮ್ಮೂರಿನ ಉತ್ತರಕ್ಕೆ ಡೇಟೋನಾ ಬೀಚ್ ಹತ್ತಿರ ದಡದ ಮನೆಗಳು ಸಮುದ್ರಕ್ಕೆ ಕುಸಿದಿದ್ದವು. ಅದನ್ನು ನಾನು ಓದಿದ್ದು ಮೊನ್ನೆ. ಈ ಸಲವೂ ಅಷ್ಟೆ. ಮಿಲ್ಟನ್ ಇನ್ನೂ ದಡ ಮುಟ್ಟುವ ಮೊದಲೇ ಫೋರ್ಟ್ ಪಿಯರ್ಸ್ ಕಡೆ ಸುಂಟರಗಾಳಿ ಎದ್ದು, ವಯಸ್ಸಾದವರ ಒಂದು ಕಾಲೊನಿಯಲ್ಲಿ ಆರು ಜನ ಹೋದರು. ಹಗುರದ ಮನೆಗಳು. ಅವರಿಗೆ ಹ್ಯಾಂಗರ್ ಇರಲಿಲ್ಲ.

11ನೇ ತಾರೀಖು ಆಯುಧ ಪೂಜೆ. ಫ್ಯಾನಿನ ಕಂಬದ ಬುಡದ ಬಾಗಿಲಿಗೆ ಬಾಳೆಕಂದು ಕಟ್ಟಿ, ಟಾರ್ಕ್ ವ್ರೆಂಚಿಗೆ ಅರಿಶಿನ ಕುಂಕುಮ ಇಟ್ಟೆವು. ಜುಲೈನಲ್ಲಾದರೆ ಆ ಬಾಳೆ ಎಲೆ ಅರ್ಧ ಗಂಟೆಯಲ್ಲಿ ದಾರ ದಾರ ಆಗಿರುತ್ತಿತ್ತು. ಆವತ್ತು ಅಲುಗಾಡಲೂ ಇಲ್ಲ. ಕರ್ಪೂರದ ಜ್ವಾಲೆ ನೆಟ್ಟಗೆ ನಿಂತಿತ್ತು, ಆ ಗುಡ್ಡದ ಮೇಲೆ, ಯೋಚನೆ ಮಾಡು. ನಾನು ಒಂದು ಕೈಯಲ್ಲಿ ಗಂಟೆ ಹಿಡಿದು ಇನ್ನೊಂದರಲ್ಲಿ ಫೋನ್ ನೋಡುತ್ತಿದ್ದೆ. ಒಂದೇ ಟಿಕ್. ಅಲ್ಲಿ 30 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟಿಲ್ಲ ಅಂತ ಬಂದಿತ್ತು, ನೀನೂ ಅದರಲ್ಲೊಬ್ಬ ಇರಬೇಕು ಅಂತ ಸಮಾಧಾನ ಮಾಡಿಕೊಂಡೆ. ಕುಂಬಳಕಾಯಿ ಒಡೆಯುವಾಗ ಕೈ ನಡುಗಿತು. ಹುಡುಗರು ಉಪವಾಸ ಅಂದುಕೊಂಡರು.

ಇನ್ನೊಂದಿದೆ. ಬರೆಯಲಾ ಬೇಡವಾ ಅಂತ ಎರಡು ಸಲ ಅಳಿಸಿದ್ದೇನೆ.

ನಕ್ಷೆಯಲ್ಲಿ ಚಂಡಮಾರುತ ಹೋಗಬಹುದಾದ ದಾರಿ ತೋರಿಸುವ ಆ ಬಿಳಿ ಕೋನ್ ನಿನ್ನ ಊರಿನ ಮೇಲೆ ಬಂದು ಕೂತಿತಲ್ಲ, ಆವಾಗ ನನಗೆ ಭಯ ಆಗುವ ಮೊದಲು ಒಂದು ಚೂರು ಸಮಾಧಾನ ಆಯಿತು. ಖುಷಿ ಅಂತಲೇ ಅನ್ನು. ಇಬ್ಬರೂ ಒಂದೇ ದಿನ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದವರು ನಾವು. ನಿನ್ನದರಲ್ಲಿ ಸೀಲು ಒತ್ತಲು ಜಾಗವಿಲ್ಲ, ನನ್ನದು ಒಂದೂ ಸೀಲಿಲ್ಲದೆ ಅವಧಿ ಮುಗಿದು ಬೀರುವಿನಲ್ಲಿದೆ. ಅಪ್ಪನ ಆರೋಗ್ಯ, ತೋಟ, ಏನೇನೋ ಹೇಳಿದೆ ಎಲ್ಲರಿಗೂ. ನಿಜ ಅಂದರೆ ಧೈರ್ಯ ಆಗಲಿಲ್ಲ. ಅದಕ್ಕೇ ಆ ಕೋನ್ ನೋಡಿ ಒಳಗೆ ಯಾರೋ, ಈಗ ಹೆದರಿಕೊಂಡು ವಾಪಸ್ ಬರ್ತಾನೆ, ಮತ್ತೆ ಸಂತೆ ಹೊಂಡದ ಕಟ್ಟೆ ಮೇಲೆ ಕೂರ್ತಾನೆ ಅಂದ ಹಾಗಾಯಿತು. ನೀನು ಬರಲಿ ಅಂತ ಆಸೆಯೋ, ನೀನು ಗೆಲ್ಲಬಾರದು ಅಂತ ಆಸೆಯೋ, ನನಗೆ ಇವತ್ತಿಗೂ ಬಿಡಿಸಿ ನೋಡಲು ಆಗಿಲ್ಲ. ರಾಕೆಟ್ ಬಗ್ಗೆ ಕೇಳುವುದು ಸುಲಭ ಕಣೋ. ನಿನ್ನ ಬಗ್ಗೆ ಕೇಳಿದ್ದರೆ ಇದೆಲ್ಲ ಜೊತೆಗೇ ಎದ್ದು ಬರುತ್ತಿತ್ತು.

ಸಾಕು. ಇದು ಜಾಸ್ತಿ ಆಯಿತು. ನನ್ನ ಹೆಂಡತಿಯೂ ಓದುತ್ತಾಳೆ, "ನನಗೆ ಒಂದು ದಿನ ಹೀಗೆ ಬರೆದಿಲ್ಲ" ಅಂತ ಈಗ ಊಟದ ಹೊತ್ತಿಗೆ ಶುರು ಮಾಡುತ್ತಾಳೆ.

ನಿಮ್ಮಮ್ಮನ ಕಥೆ ಕೇಳು. ನಿನ್ನ ಫೋನ್ ಬಂದ ಮೇಲೆ ಅವರಿಗೆ ಹೊಸ ಪ್ರಶ್ನೆ. "ಅಷ್ಟು ಗಾಳಿ ಬರೋ ಕಡೆ, ಸಮುದ್ರದ ದಡದಲ್ಲೇ ಯಾಕಪ್ಪಾ ಇಟ್ಟರು ಅದನ್ನ?" ಭೂಮಿ ಪೂರ್ವಕ್ಕೆ ತಿರುಗುತ್ತದೆ, ಆ ಕಡೆ ಹಾರಿಸಿದರೆ ವೇಗ ಪುಕ್ಕಟೆ ಸಿಗುತ್ತದೆ, ಕಳಚಿದ ತುಂಡು ನೀರಿಗೆ ಬೀಳುತ್ತದೆ, ನಮ್ಮ ಶ್ರೀಹರಿಕೋಟಾವೂ ಅದಕ್ಕೇ ದಡದಲ್ಲಿದೆ, ಅಲ್ಲಿಗೂ ಚಂಡಮಾರುತ ತಪ್ಪಿದ್ದಲ್ಲ ಅಂದೆ. "ಮತ್ತೆ ನಮ್ಮ ಚಳ್ಳಕೆರೆಯಲ್ಲಿ ಮಾಡಿದರಲ್ಲ?" ಅಂದರು. ಅದು ಇಸ್ರೋದ ಪುಷ್ಪಕ್ ನೌಕೆ ಅಮ್ಮಾ, ಹೆಲಿಕಾಪ್ಟರಿನಿಂದ ಕೆಳಗೆ ಬಿಟ್ಟರು, ಅದೇ ಬಂದು ರನ್‌ವೇಯಲ್ಲಿ ಇಳಿಯಿತು, ಹಾರಿಸಿದ್ದಲ್ಲ ಅಂದೆ. "ಇಳಿಸೋ ಕೆಲಸವೇ ಕೊಡಿಸು ಅವನಿಗೆ, ಇಲ್ಲೇ ಇರ್ತಾನೆ." ನೀನು ರಾಕೆಟ್ ಕೆಲಸ ಮಾಡಲ್ಲ, ಆಸ್ಪತ್ರೆ ಬಿಲ್ಲಿನ ಸಾಫ್ಟ್‌ವೇರ್ ನೋಡಿಕೊಳ್ಳುತ್ತೀಯ ಅಂತ ಅವರಿಗೆ ಇವತ್ತಿಗೂ ಯಾರೂ ಹೇಳಿಲ್ಲ. ಈಗ ಹೇಳಿದ ಹಾಗಾಯಿತು. ಸಾರಿ.

14ನೇ ತಾರೀಖು ರಾತ್ರಿ 9.36ಕ್ಕೆ ಕ್ಲಿಪ್ಪರ್ ಹೋಯಿತು. ನೋಡಿದೆ. ಅದು ಗುರುವನ್ನು ಮುಟ್ಟುವುದು 2030ರ ಏಪ್ರಿಲ್ಲಿಗೆ. ಅಷ್ಟರೊಳಗೆ ನೀನು ಒಂದು ಸಲ ಬರಲೇಬೇಕು, ಯಾಕೆಂದರೆ ನಿಮ್ಮಮ್ಮ ನಿನ್ನ ಮುಡಿಯನ್ನು ತಿರುಪತಿಗೆ ಹರಕೆ ಹೊತ್ತಿದ್ದಾರೆ. ನಿನ್ನ ತಲೆಯ ಈಗಿನ ಫೋಟೋ ನೋಡಿದರೆ ತಿಮ್ಮಪ್ಪನಿಗೆ ನಷ್ಟದ ವ್ಯವಹಾರ. ಬೇಗ ಬಾ, ಇರುವುದನ್ನಾದರೂ ಕೊಡೋಣ.

ಎಷ್ಟನೇ ಮಹಡಿ ಅಂತ ಬರಿ. ಹೆಬ್ಬೆರಳು ಕಳಿಸಬೇಡ.

ಮತ್ತೆ ಆ ಬಾತ್‌ಟಬ್ ನೀರು ಏನು ಮಾಡಿದೆ? ಸುಮ್ನೆ ಚರಂಡಿಗೆ ಬಿಟ್ಟಿದ್ದರೆ ಅಮ್ಮನ ಹತ್ತಿರ ಮಾತ್ರ ಬಾಯಿ ಬಿಡಬೇಡ.

ನಿನ್ನ,
ಫ್ಯಾನು