‘ರೆಸ್ಪಾಂಡೆಂಟ್’ ತಿದ್ದುಪಡಿ: ಭಾನುವಾರ ಸಂಜೆ 6ರೊಳಗೆ

ಎಲ್ಲರಿಗೂ ನಮಸ್ಕಾರ.

ನಮ್ಮ ಅನುವಾದ ತಂಡದ ಪದಪಟ್ಟಿಯಲ್ಲಿ ‘ರೆಸ್ಪಾಂಡೆಂಟ್’ ಎದುರು ‘ಪ್ರತಿವಾದಿ’ ಎಂದಷ್ಟೇ ಇದೆ. ಅದನ್ನೇ ನಂಬಿ ಸಮೀಕ್ಷೆಯ ಕರಡಿನಲ್ಲಿ ‘ಪ್ರತಿವಾದಿಗೆ ಎಷ್ಟು ಮಕ್ಕಳು?’ ಎಂದು ಬರೆದಿದ್ದೇವೆ. ಪಾಪ, ಬಾಗಿಲು ತೆರೆದವರು ಸಮನ್ಸ್ ಬಂತೆಂದು ಗಾಬರಿಯಾದಾರು! ತಪ್ಪು, ಪಟ್ಟಿ ಮಾಡಿದ ನನ್ನದೇ.

ಸಮೀಕ್ಷೆಯಲ್ಲಿ ಈ ಪದಕ್ಕೆ ‘ಉತ್ತರದಾತ’ ಅಥವಾ ‘ಉತ್ತರಿಸಿದವರು’ ಎನ್ನಿ. ನನಗೆ ಎರಡನೆಯದೇ ಇಷ್ಟ, ಗಂಡು-ಹೆಣ್ಣಿನ ತೊಡಕಿಲ್ಲ. ನ್ಯಾಯಾಲಯದ ಕಡತಗಳಲ್ಲಿ ‘ಪ್ರತಿವಾದಿ’ ಇರಲಿ, ಆದರೆ ಎಚ್ಚರ: ಸಿವಿಲ್ ದಾವೆಯ ‘ಡಿಫೆಂಡೆಂಟ್’ ಕೂಡ ನಮಗೆ ಪ್ರತಿವಾದಿಯೇ. ರಿಟ್ ಅರ್ಜಿಯಲ್ಲಿ, ಮೇಲ್ಮನವಿಯಲ್ಲಿ ಎದುರು ಪಕ್ಷದವರು ರೆಸ್ಪಾಂಡೆಂಟ್. ಕೆಳಗಿನ ನ್ಯಾಯಾಲಯದಲ್ಲಿ ದಾವೆ ಹೂಡಿ ಗೆದ್ದ ವಾದಿಯೂ, ಸೋತವರು ಮೇಲ್ಮನವಿ ಹೋದರೆ, ಅಲ್ಲಿ ರೆಸ್ಪಾಂಡೆಂಟ್ ಆಗುತ್ತಾನೆ. ಆದ್ದರಿಂದ ‘ಡಿಫೆಂಡೆಂಟ್’, ‘ರೆಸ್ಪಾಂಡೆಂಟ್’ ಎರಡೂ ಬರುವ ಕಡತಗಳಲ್ಲಿ ರೆಸ್ಪಾಂಡೆಂಟ್‌ಗೆ ‘ಎದುರುದಾರ’ ಬಳಸೋಣ.

ಅಪಘಾತದ ಸ್ಥಳಕ್ಕೆ ಮೊದಲು ಧಾವಿಸುವವರು ‘ರೆಸ್ಪಾಂಡರ್’. ಅದು ಬೇರೆ ಪದ, ಬೆರೆಸಬೇಡಿ.

ಸಮೀಕ್ಷೆ ಮತ್ತು ಕಾನೂನು ಕಡತ ಹಿಡಿದಿರುವವರು ಮೊದಲು ಹಳೆಯ ಪ್ರತಿ ಉಳಿಸಿಕೊಳ್ಳಿ, ಆಮೇಲೆ ‘ಪ್ರತಿವಾದಿ’ ಹುಡುಕಿ ಒಂದೊಂದಾಗಿ ತಿದ್ದಿ. ಒಟ್ಟಿಗೆ ಬದಲಿಸಿದರೆ ‘ಪ್ರತಿವಾದಿಗೆ’ ಹೋಗಿ ‘ಉತ್ತರಿಸಿದವರುಗೆ’ ಆಗುತ್ತದೆ. ಮುಗಿದ ಮೇಲೆ ಕಡತದ ಸಂಖ್ಯೆ ಹಾಕಿ ‘ಆಯಿತು’ ಎಂದು ಇಲ್ಲಿಯೇ ತಿಳಿಸಿ. ‘ಎದುರುದಾರ’ ಒಪ್ಪದವರು ಶುಕ್ರವಾರದೊಳಗೆ ಹೇಳಿ.