ಜಪಾನ್ ಅಧ್ಯಯನ ಕೇಂದ್ರದ ಬೀಗ ತೆಗೆಸಿ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮ್ಮ ವಿಶ್ವವಿದ್ಯಾಲಯದ ಜಪಾನ್ ಅಧ್ಯಯನ ಕೇಂದ್ರದ ವಿಚಾರವಾಗಿ ಕುಲಸಚಿವರಿಗೆ, ಕುಲಪತಿಗಳಿಗೆ, ಕೊನೆಗೆ ತಮ್ಮ ಕಚೇರಿಗೂ ಕೊಟ್ಟ ಮನವಿಗಳಿಗೆ ಸ್ವೀಕೃತಿಯ ಮೊಹರಿನ ಹೊರತು ಬೇರೇನೂ ಸಿಗದ ಕಾರಣ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಕೇಂದ್ರಕ್ಕೆ ಕಾಯಂ ಅಧ್ಯಾಪಕರನ್ನು ನೇಮಿಸಿ, ಗ್ರಂಥಾಲಯದ ಬೀಗ ತೆಗೆಸಿ, ನಿಂತುಹೋದ ಸಾರ್ವಜನಿಕ ಉಪನ್ಯಾಸಗಳನ್ನು ಮತ್ತೆ ನಡೆಸಿ.

ಜಪಾನಿನ ಮೇಜಿ ಚಕ್ರವರ್ತಿಯ ಕಾಲದ (1868–1912) ಶಾಲಾ ಶಿಕ್ಷಣ ನನ್ನ ಸಂಶೋಧನೆಯ ವಿಷಯ. 1872ರಲ್ಲೇ ದೇಶಕ್ಕೆಲ್ಲ ಅನ್ವಯವಾಗುವ ಶಿಕ್ಷಣ ಶಾಸನ ತಂದ ಜಪಾನನ್ನು ವಿಶ್ವೇಶ್ವರಯ್ಯನವರು 1898ರಲ್ಲಿ ಕಣ್ಣಾರೆ ಕಂಡು ಬಂದಿದ್ದರು. ಮುಂದೆ ಮೈಸೂರಿನ ದಿವಾನರಾದ ಅವರ ಆಲೋಚನೆಯ ಮೇಲೆ ಆ ನೋಟದ ಪ್ರಭಾವವೆಷ್ಟು ಎಂದು ಹುಡುಕಲು ಹೊರಟ ನನಗೆ, ಮಾರ್ಗದರ್ಶಕರು ನಿವೃತ್ತರಾದ ಮೇಲೆ ದಿಕ್ಕಿಲ್ಲ. ಅತಿಥಿ ಉಪನ್ಯಾಸಕರು ಪಿಎಚ್‌.ಡಿ. ಮಾರ್ಗದರ್ಶಕರಾಗುವಂತಿಲ್ಲ ಎಂಬ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮ ತಮಗೆ ಗೊತ್ತೇ ಇದೆ. ಹಾಗಿದ್ದೂ ನಿವೃತ್ತರಾದ ಮಾರ್ಗದರ್ಶಕರ ಹುದ್ದೆ ಖಾಲಿಯೇ ಉಳಿದಿದೆ. ಗ್ರಂಥಪಾಲಕರನ್ನು ಬೇರೆ ವಿಭಾಗಕ್ಕೆ ಕಳಿಸಿದ್ದರಿಂದ ಪುಸ್ತಕಗಳಿರುವ ಕೋಣೆಗೆ ಬೀಗ ಬಿದ್ದಿದೆ. ಶಿಷ್ಯವೇತನದ ಅವಧಿ ಮುಗಿದಿದೆ, ದೆಹಲಿಯ ಗ್ರಂಥಾಲಯಗಳಿಗೆ ಹೋಗಿಬರಲು ಸಾಲ ಮಾಡಿದ್ದೇನೆ, ಮನೆಯಲ್ಲಿ ಉತ್ತರ ಹೇಳಲಾರದೆ ಸೋತಿದ್ದೇನೆ.

ಕೇಂದ್ರದ ಕೊನೆಯ ಉಪನ್ಯಾಸದ ದಿನ ನಡೆದದ್ದನ್ನು ಹೇಳದೆ ಇರಲಾರೆ. ಮೊದಲೇ ಕಾಯ್ದಿರಿಸಿದ್ದ ಸಭಾಂಗಣವನ್ನು ಅಂದು ಬೆಳಿಗ್ಗೆ ಒಬ್ಬ ಅಧಿಕಾರಿಯ ಸನ್ಮಾನಕ್ಕೆ ಕೊಟ್ಟುಬಿಟ್ಟರು. ಜಪಾನಿನಿಂದ ಬಂದಿದ್ದ ವಯಸ್ಸಾದ ಪ್ರಾಧ್ಯಾಪಕಿ ತಮ್ಮ ಟಿಪ್ಪಣಿಗಳನ್ನು ಹಿಡಿದು ಮೊಗಸಾಲೆಯಲ್ಲಿ ನಿಂತೇ ಇದ್ದರು. ಅವರಿಗೊಂದು ಕುರ್ಚಿ ತಂದುಕೊಡಿ ಎಂದು ಕೇಳಿದ್ದಕ್ಕೆ, ಕುರ್ಚಿಗಳೆಲ್ಲ ಒಳಗಿವೆ ಎಂಬ ಉತ್ತರ ಬಂತು. ತುಮಕೂರು, ಕೋಲಾರಗಳಿಂದ ಬಂದಿದ್ದ ವಿದ್ಯಾರ್ಥಿಗಳು ಹಾಗೆಯೇ ಹಿಂತಿರುಗಿದರು. ಯಾರೂ ಕ್ಷಮೆ ಕೇಳಲಿಲ್ಲ. ಇದು ಅವಮಾನವಲ್ಲದಿದ್ದರೆ ಮತ್ತೇನು, ಸ್ವಾಮಿ?

ಸಂಜೆಯ ಭಾಷಾ ತರಗತಿ ನಡೆಯುತ್ತಿದೆಯಲ್ಲ ಎನ್ನುತ್ತಾರೆ. ನಡೆಯಲಿ, ಬಿಡದಿಯ ಕಾರ್ಖಾನೆಗಳಲ್ಲಿ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಅದರಿಂದ ಕೆಲಸ ಸಿಗುತ್ತದೆ. ಆದರೆ ಒಂದು ದೇಶದ ಚರಿತ್ರೆ, ಸಮಾಜ, ಸಾಹಿತ್ಯಗಳ ಅಧ್ಯಯನಕ್ಕೆ ಸರ್ಟಿಫಿಕೇಟ್ ಕೋರ್ಸ್ ಸಾಲದು. ಶಾಂತಿನಿಕೇತನದಲ್ಲಿ ಜಪಾನ್ ಅಧ್ಯಯನಕ್ಕೆಂದೇ ನಿಪ್ಪೊನ್ ಭವನವಿದೆ, ದೆಹಲಿಯಲ್ಲಿ ಜಪಾನ್ ಅಧ್ಯಯನಕ್ಕೆ ದಶಕಗಳ ಪರಂಪರೆಯಿದೆ. ನಮ್ಮ ಮಕ್ಕಳು ಇದಕ್ಕಾಗಿ ಊರು ಬಿಡಬೇಕೆ?

ಹುದ್ದೆ ತುಂಬಿಸಿ. ಗ್ರಂಥಾಲಯ ತೆರೆಸಿ. ಉಪನ್ಯಾಸಗಳನ್ನು ಆರಂಭಿಸಿ, ಅವುಗಳಲ್ಲಿ ಕೆಲವಾದರೂ ಕನ್ನಡದಲ್ಲಿ ನಡೆಯಲಿ. ಈ ಶೈಕ್ಷಣಿಕ ವರ್ಷ ಮುಗಿಯುವುದರೊಳಗೆ ನೇಮಕಾತಿಯ ಆದೇಶ ಹೊರಡಿಸಬೇಕೆಂದು ಒತ್ತಾಯಿಸುತ್ತೇನೆ.

ಇತಿ,
ಕೇಂದ್ರದ ಸಂಶೋಧನಾ ವಿದ್ಯಾರ್ಥಿನಿ